ಅತ್ತಿಯ ಸೀಟಿನಲ್ಲಿ ಮೂರು ರೋಲರ್ ಕೋಸ್ಟರ್

ಮೊದಲನೆಯ ರೋಲರ್ ಕೋಸ್ಟರಿಗೆ ನಾನು ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದೇನೆ. ಎರಡನೆಯದಕ್ಕೆ ಆರೂವರೆ. ಮೂರನೆಯದರ ಮುಂದೆ ಅಂಕದ ಜಾಗ ಖಾಲಿ.

ಆ ಡೈರಿ ಇನ್ನೂ ನನ್ನ ಹತ್ತಿರ ಇದೆ. ಬೆಳೆಗೆ ಹೊಡೆಯುವ ಔಷಧದ ಕಂಪನಿಯೊಂದು ಹೊಸ ವರ್ಷಕ್ಕೆ ಅಂಗಡಿಯವರಿಗೆ ಹಂಚಿದ್ದ ಪುಟ್ಟ ಡೈರಿ. ಹೊದಿಕೆಯ ಮೇಲೆ ಒಂದು ಹತ್ತಿಕಾಯಿ, ಕಾಯಿಯ ಮೇಲೆ ಒಂದು ಹುಳ, ಹುಳದ ಮೇಲೆ ಅಡ್ಡಡ್ಡ ಕೆಂಪು ಕಾಟು. ಅದರೊಳಗೆ ಸ್ಕೇಲು ಹಿಡಿದು ಗೆರೆ ಎಳೆದು ಕೊಟ್ಟವಳು ನನ್ನ ಸೋದರಮಾವನ ಮಗಳು. ಗಾಡಿ, ಎತ್ತರ, ಹೆದರಿಕೆ, ಅಂಕ ಎಂದು ನಾಲ್ಕು ಕಾಲಂ. ಐದನೆಯ ಕಾಲಮ್ಮಿಗೆ ಅವಳು ಬರೆದ ಹೆಸರು ‘ಅಂದ್ಯಾ?’

ಏನನ್ನು ಅನ್ನಬೇಕಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ‘ಬ್ಯಾಡ’ ಅನ್ನಬೇಕಿತ್ತು. ಅವಳ ಅಪ್ಪನಿಗೆ, ಅಂದರೆ ನನ್ನ ಮಾಮಾನಿಗೆ. ಅವಳನ್ನು ನಾನು ಲಗ್ನ ಆಗುವುದಿಲ್ಲ ಎಂದು.

ನಮ್ಮ ಮಂದಿ ಬೀರೇಶ್ವರನ ಒಕ್ಕಲು, ಕುರಿಯ ಹಿಂದೆ ಹುಟ್ಟಿದವರು. ಬೀಳಗಿ ಕಡೆಯ ನಮ್ಮ ಊರಿನೊಳಗೆ ಡ್ಯಾಮಿನ ಹಿನ್ನೀರು ಬಂದು, ಕುರಿ ಮೇಯುವ ನೆಲವೆಲ್ಲ ಮೀನು ಮೇಯುವ ನೆಲವಾದಾಗ ಅಪ್ಪ ಹಿಂಡು ಮಾರಿದ. ಅದಾಗಿ ಎರಡು ವರ್ಷಕ್ಕೆ ತೀರಿಕೊಂಡ. ನನಗಾಗ ಹನ್ನೆರಡು. ಅವ್ವ ಊರಲ್ಲೇ ಉಳಿದಳು. ಲೋಕಾಪುರದಲ್ಲಿ ಬೀಜ, ಗೊಬ್ಬರ, ಎಣ್ಣೆ ಮಾರುವ ಅಂಗಡಿ ಇಟ್ಟಿದ್ದ ಮಾಮಾ ನನ್ನನ್ನು ಕರೆದುಕೊಂಡು ಹೋಗಿ ಸಾಲೆಗೆ ಹಾಕಿದ. ಎಣ್ಣೆ ಅಂದರೆ ಒಗ್ಗರಣೆಯದಲ್ಲ, ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮಲ್ಲಿ ಹಾಗೇ ಅನ್ನುವುದು.

ಮಾಮಾನ ಮನೆಯಲ್ಲಿ ಉಂಡು ಬೆಳೆದ ನಾನು ಒಂದೇ ಒಂದು ವಿದ್ಯೆ ಕಲಿತೆ. ಊರವರ ದನಿ ತೆಗೆಯುವುದು. ಹೆಡ್‌ಮಾಸ್ತರರ ದನಿ ತೆಗೆದು ಹೆಡ್‌ಮಾಸ್ತರರ ಕೈಯಿಂದಲೇ ಹೊಡೆತ ತಿಂದೆ. ಮುಧೋಳ–ಜಮಖಂಡಿ ಬಸ್ಸಿನ ಕಂಡಕ್ಟರನ ದನಿಯಲ್ಲಿ ‘ರೈಟ್’ ಅಂದು, ಅವನು ಚಹಾ ಕುಡಿಯುತ್ತಿರುವಾಗಲೇ ಬಸ್ಸು ಬಿಡಿಸಿದ್ದೇನೆ. ರಬಕವಿ-ಬನಹಟ್ಟಿಯಲ್ಲಿ ಯಾವ ಗ್ಯಾದರಿಂಗ್ ಇದ್ದರೂ, ಸಾಲೆಯದೋ ಸಂಘದ್ದೋ, ನನಗೆ ಕರೆ ಬರುತ್ತಿತ್ತು. ಬಾಯಲ್ಲಿ ಪವರ್‌ಲೂಮ್ ಓಡಿಸಿ ನೂಲು ಹರಿದ ಸದ್ದು ಮಾಡಿದರೆ, ಮುಂದಿನ ಸಾಲಿನ ನೇಕಾರರು ಅಭ್ಯಾಸಬಲದಿಂದ ಏಳಲು ಹೋಗುತ್ತಿದ್ದರು. ಇಷ್ಟೆಲ್ಲ ದನಿ ಇಟ್ಟುಕೊಂಡವನಿಗೆ ಸ್ವಂತದ್ದು ಯಾವುದು ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಒಂದು ದನಿಯನ್ನು ಮಾತ್ರ ನಾನು ಮುಟ್ಟುತ್ತಿರಲಿಲ್ಲ. ಅಪ್ಪ ಸತ್ತ ಮರುವರ್ಷ, ರಜೆಗೆ ಊರಿಗೆ ಹೋದವನು ಅಂಗಳದಲ್ಲಿ ನಿಂತು ಅಪ್ಪನ ದನಿ ತೆಗೆದು ಕೂಗಿದೆ: ‘ಯಾರರ ಒಂದ್ ಚರಗಿ ನೀರ ತರ್ರೋ.’ ಒಳಗಿಂದ ಅವ್ವ ಚರಿಗೆ ಹಿಡಿದು ಓಡಿ ಬಂದಳು. ನನ್ನನ್ನು ನೋಡಿದಳು. ಬಯ್ಯಲಿಲ್ಲ, ಅಳಲಿಲ್ಲ. ಚರಿಗೆ ನನ್ನ ಕೈಗೆ ಕೊಟ್ಟು, ನಾನು ಅಷ್ಟೂ ನೀರು ಕುಡಿದು ಮುಗಿಸುವ ತನಕ ಎದುರಿಗೆ ನಿಂತಳು. ಅಂದಿನಿಂದ ಆ ದನಿಗೆ ನಾನು ಹೋಗಿರಲಿಲ್ಲ.

ಇನ್ನು ನಮ್ಮಲ್ಲಿ ಸೋದರಮಾವನಿಗೆ ಮಗಳಿದ್ದು ಅಕ್ಕನಿಗೆ ಮಗನಿದ್ದರೆ ಬೇರೆ ಜಾತಕ ಬೇಕಿಲ್ಲ. ಊರಿಗೆಲ್ಲ ಗೊತ್ತಿರುವ ಲಗ್ನಕ್ಕೆ ದಿನ ಹಿಡಿಯುವುದಷ್ಟೇ ಬಾಕಿ. ಅವಳು ನನಗಿಂತ ಮೂರು ತಿಂಗಳು ಚಿಕ್ಕವಳು. ಒಂದೇ ತಾಟಿನಲ್ಲಿ ರೊಟ್ಟಿ ಮುರಿದವರು, ಒಂದೇ ಕಂಬಳಿಗೆ ಜಗಳಾಡಿದವರು. ಮಾಮಾ ಎರಡು ವರ್ಷದಿಂದ ನನ್ನನ್ನು ಕೂರಿಸಿಕೊಂಡು ಕೇಳಲು ನೋಡುತ್ತಿದ್ದ. ಅವನು ಗಂಟಲು ಸರಿ ಮಾಡಿಕೊಂಡ ಕೂಡಲೇ ನಾನು ಕಂಡಕ್ಟರ್ ಆಗುತ್ತಿದ್ದೆ, ‘ರೈಟ್’ ಅಂದು ಎದ್ದು, ಖರೆಖರೆ ಮುಧೋಳದ ಬಸ್ಸನ್ನೇ ಹತ್ತಿಬಿಡುತ್ತಿದ್ದೆ. ಅವನ ಹೆಂಡತಿ, ನನ್ನ ಅತ್ತಿ, ನಗುತ್ತಿದ್ದಳು. ಮಾಮಾನೂ ನಗುತ್ತಿದ್ದ. ಆದರೆ ಕುರುಬನಿಗೆ ತಪ್ಪಿಸಿಕೊಳ್ಳುವ ಟಗರನ್ನು ಹಿಡಿಯುವುದು ಹೇಗೆಂದು ಗೊತ್ತಿರುತ್ತದೆ.

ಎರಡು ಸಾವಿರದ ಹತ್ತು ದಾಟಿ ಒಂದೆರಡು ವರ್ಷ ಆಗಿತ್ತು. ಹೇಳಿದಷ್ಟು ಮಾಲು ಮಾರಿದ ಅಂಗಡಿಯವರಿಗೆ ಡೈರಿ ಹಂಚಿದ ಆ ಕಂಪನಿ ಮಲೇಶಿಯಾ ಟೂರು ಕೊಟ್ಟಿತು, ಗಂಡ ಹೆಂಡತಿ ಜೋಡಿಯಾಗಿ. ಲೋಕಾಪುರದಿಂದ ಮುಧೋಳಕ್ಕೆ ಟಂಟಂನಲ್ಲಿ ಹೋದರೆ ಎರಡು ಸಲ ವಾಂತಿ ಮಾಡಿಕೊಳ್ಳುವ ಅತ್ತಿ ವಿಮಾನದ ಮಾತು ಕೇಳಿಯೇ ಹಾಸಿಗೆ ಹಿಡಿದಳು. ಮಗಳು ನಾ ಬರ್ತೀನಿ ಅಂದಳು. ಉಳಿದ ಅಂಗಡಿಯವರ್ಯಾರೂ ಹೆಂಡತಿಯನ್ನು ಕರೆದುಕೊಂಡು ಹೊರಟಿರಲಿಲ್ಲ, ನಲವತ್ತು ಗಂಡಸರ ನಡುವೆ ಬೇಡವೆಂದ ಮಾಮಾ. ಅತ್ತಿಯ ಸೀಟು ನನಗೆ ಬಂತು.

ಇದರಲ್ಲಿ ದೊಡ್ಡ ಅನ್ಯಾಯವಿತ್ತು. ಪಂಚಮಿ ಹಬ್ಬಕ್ಕೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರೆ ನಿಂತು ಜೀಕಿ ಮೇಲಿನ ಟೊಂಗೆಗೆ ಕಾಲು ತಾಗಿಸಿ ಬರುವವಳು ಅವಳು. ಮೂರನೆಯ ಜೀಕಿಗೇ ಕಣ್ಣು ಕತ್ತಲೆ ಬಂದು ‘ಇಳಿಸ್ರೋ’ ಅನ್ನುವವನು ನಾನು. ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಟೂರಿನಲ್ಲಿ ತೋರಿಸುವ ಆಟದ ಪಾರ್ಕಿನ ಮೂರೂ ರೋಲರ್ ಕೋಸ್ಟರಿನ ವಿಡಿಯೋ ನೋಡಿ ಎತ್ತರ ಬರೆದುಕೊಂಡವಳೂ ಅವಳೇ. ಹೊರಡುವ ಹಿಂದಿನ ದಿನ ಅಂಗಡಿಯಲ್ಲಿ ಡೈರಿ ಕೈಗಿಟ್ಟಳು. ಒಂದು ಕಡೆ ಹುನ್ನೂರಿನ ರೈತನೊಬ್ಬನಿಗೆ ಬೆನ್ನಿಗೆ ಹೊರುವ ಒಂದು ಟಾಕಿಗೆ ಎಷ್ಟು ಮುಚ್ಚಳ ಎಣ್ಣೆ, ಗಾಳಿ ಯಾವ ಕಡೆಗಿದ್ದರೆ ಯಾವ ಕಡೆ ಮುಖ ಎಂದು ಹೇಳುತ್ತಿದ್ದಳು, ಇನ್ನೊಂದು ಕಡೆ ನನಗೆ. ರೈತ ಹೋದ ಮೇಲೆ ದನಿ ಇಳಿಸಿದಳು. ಮಾಮಾ ಅತ್ತಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದಳಂತೆ. ಇಲ್ಲಿ ಕೇಳಿದ್ರ ಬಸ್ ಹತ್ತತಾನ, ಅಲ್ಲಿ ಕೇಳತೀನಿ, ಅಲ್ಲಿಂದ ಎಲ್ಲಿ ಓಡತಾನ, ಸಮುದ್ರಾ ಈಸತಾನೇನು, ಅಂದನಂತೆ.

“ನೀ ಬ್ಯಾಡ ಅಂತ ಹೇಳಬೇಕು,” ಅಂದಳು.

“ನೀನ ಹೇಳಬೇ.”

“ನಾ ಬ್ಯಾಡ ಅಂದ್ರ ನಾಚಿಕಿ ಅಂತಾರ. ನೀ ಬ್ಯಾಡ ಅಂದ್ರ ಬ್ಯಾಡ ಅಂತಾರ.”

ನಾನು ಅಷ್ಟು ಕೆಟ್ಟ ಗಂಡೇನು ಎಂದು ಹೆಡ್‌ಮಾಸ್ತರರ ದನಿಯಲ್ಲಿ ಕೇಳಿದೆ. ಅವಳು ನಗಲಿಲ್ಲ.

“ಕೆಟ್ಟಂವ ಅಲ್ಲ. ಅಕ್ಕಿಕಾಳ ಬೀಳುವಾಗೂ ನೀ ಯಾರದರ ದನಿ ತಗೀತಿ, ನಾ ನಕ್ಕೋತ ತಾಳಿ ಕಟ್ಟಿಸಿಕೋಬೇಕು. ನನಗ ಧಾರವಾಡಕ್ಕ ಹೋಗಿ ಎರಡ ವರ್ಷ ಬೀಜದ್ದು ಓದೂದೈತಿ. ಬಂದ ಮ್ಯಾಲೆ ಈ ಅಂಗಡಿ ನನಗ ಬೇಕು. ನೀ ಬ್ಯಾಡ.”

ಗಲ್ಲಾಪೆಟ್ಟಿಗೆಯ ಮೇಲೆ ಬೀರಪ್ಪನ ಭಂಡಾರದ ಬಟ್ಟಲು ಯಾವಾಗಲೂ ಇರುತ್ತದೆ, ಅರಿಶಿನದ ಪುಡಿ. ಅದನ್ನು ಮುಂದೆ ಸರಿಸಿದಳು. ಭಂಡಾರ ಮುಟ್ಟಿ ಹೇಳಿದ ಮಾತು ನಮ್ಮಲ್ಲಿ ಬಾಂಡ್ ಪೇಪರಿಗಿಂತ ಗಟ್ಟಿ. ಮುಟ್ಟಿದೆ. ಒಂದು ಚಿಟಿಕೆ ಭಂಡಾರವನ್ನು ಚೀಟಿಯಲ್ಲಿ ಕಟ್ಟಿ ಡೈರಿಯೊಳಗೆ ಇಟ್ಟು, ನೀ ಮರೀತಿ, ಅದಕ್ಕ, ಅಂದಳು.

ಟೂರಿನವರ ಪಟ್ಟಿಯಲ್ಲಿ ಅತ್ತಿಯ ಹೆಸರು ತೆಗೆದು ನನ್ನದು ಹಾಕಿದ್ದರು. ಆದರೆ ಹೆಸರಿನ ಮುಂದಿನ ‘ಶ್ರೀಮತಿ’ಯನ್ನು ತೆಗೆಯಲು ಮರೆತಿದ್ದರು. ವಿಮಾನ ಇಳಿದು ಬಸ್ಸಿನಲ್ಲಿ ಹಾಜರಿ ಕೂಗುವಾಗ ಅದು ಬಯಲಾಯಿತು. ಬನಹಟ್ಟಿಯ ಒಬ್ಬ ಸಾವಕಾರ, ದೇಹಕ್ಕೆ ತಕ್ಕ ನಗುವಿನವರು, ‘ವೈನಿಗೆ ಕಿಟಕಿ ಬಿಡ್ರೋ’ ಎಂದು ಕೂಗಿದ್ದೇ, ಅಲ್ಲಿಂದ ಮುಂದೆ ನಾನು ನಲವತ್ತು ಮಂದಿಗೆ ವೈನಿ, ಅಂದರೆ ಅಣ್ಣನ ಹೆಂಡತಿ. ವೈನಿ ಚಹಾ ಕುಡದ್ರೇನು. ವೈನಿ ಸೆರಗು ಸಂಭಾಳಿಸಿರಿ. ಊರವರನ್ನೆಲ್ಲ ಅಣಕಿಸಿದವನಿಗೆ ಆದ ಶಾಸ್ತಿ ಎಂದು ನಾನೂ ಅತ್ತಿಯ ದನಿ ತೆಗೆದು ‘ನನಗ ಗಾಳಿ ಬೇಕ್ರೀ, ಕಿಟಕಿ ತಗೀರಿ, ಹೊಟ್ಟಿ ತೊಳಸಾಕತ್ತೈತಿ’ ಅಂದೆ. ಬಸ್ಸೇ ಮಗುಚುವಷ್ಟು ನಕ್ಕರು. ಆದರೆ ವೈನಿಯ ಸೀಟು ಕಿಟಕಿ ಪಕ್ಕ, ಮಾಮಾನದು ಓಣಿ ಕಡೆ. ಏಳಬೇಕಾದರೆ ಅವನ ಮೊಣಕಾಲು ದಾಟಬೇಕು. ಬಸ್ಸಿನಲ್ಲಿ ಹಾಗೆ, ಊಟದಲ್ಲಿ ಹಾಗೆ, ಹೋಟೆಲಿನ ಕೋಣೆಯಲ್ಲೂ ಬಾಗಿಲ ಕಡೆಯ ಮಂಚ ಅವನದೇ. ಬೆಳಗ್ಗೆ ಚಹಾದ ಜೊತೆ ಬರುವ ಸಕ್ಕರೆಯ ಪುಟ್ಟ ಪೊಟ್ಟಣ ಅವನಿಗೆ ಸಾಲುತ್ತಿರಲಿಲ್ಲ. ಕೇಳದೇ ಕೈ ಚಾಚಿ ನನ್ನದನ್ನೂ ತೆಗೆದುಕೊಂಡು ಹರಿದು ಸುರಿದುಕೊಳ್ಳುತ್ತಿದ್ದ. ಬಟ್ಟಲಿನಲ್ಲಿ ಚಮಚ ಆಡಿಸುತ್ತ ಒಮ್ಮೆ ನನ್ನ ಮುಖ ನೋಡುತ್ತಿದ್ದ. ನಾನು ಕಿಟಕಿ ನೋಡುತ್ತಿದ್ದೆ.

ಮೂರನೆಯ ದಿನ ಪಾರ್ಕು. ಈಗ ಡೈರಿಯಲ್ಲಿರುವುದನ್ನು ಇದ್ದ ಹಾಗೆ ಹೇಳುತ್ತೇನೆ, ನಡುವೆ ಡೈರಿಯಲ್ಲಿ ಬರೆಯದ್ದನ್ನೂ.

ಮೊದಲನೆಯ ಗಾಡಿ ಮಕ್ಕಳದು. ಹಸಿರು ಹುಳದ ಆಕಾರ, ಮುಂದೆ ಎರಡು ಮೀಸೆ, ನಗುವ ಹಲ್ಲು. ಬದುಕೆಲ್ಲ ಕೊರಕ ಹುಳ ಕೊಲ್ಲುವ ವ್ಯಾಪಾರ ಮಾಡಿದ ನಲವತ್ತು ಮಂದಿ ಆ ಹುಳದ ಬೆನ್ನ ಮೇಲೆ ಕೂರಲು ಸಾಲು ಹಚ್ಚಿದರು. ಇದಕ್ಕ ಯಾವ ಎಣ್ಣಿ ಹೊಡೀತೀರಿ ಎಂದು ಒಬ್ಬರು, ಟಾಕಿಗೆ ಸಾಲೂದಿಲ್ಲ ಟ್ಯಾಂಕರ್ ಬೇಕು ಎಂದು ಇನ್ನೊಬ್ಬರು. ಎತ್ತರ ನಮ್ಮ ಬೇವಿನ ಮರದಷ್ಟು. ಹೆದರಿಕೆ: ಗಾಡಿಯದಲ್ಲ. ಎರಡನೆಯ ಸುತ್ತಿಗೆ ಮಾಮಾ ಗಂಟಲು ಸರಿ ಮಾಡಿಕೊಂಡು, ನಿನಗ ಒಂದ್ ಮಾತ ಕೇಳೂದಿತ್ತು, ಅಂದ. ನಾನು ಹೆಡ್‌ಮಾಸ್ತರನಾಗಿ, ಮಾತಾಡುವವರ ಹೆಸರು ಬರೆದುಕೊಳ್ಳುತ್ತೇನೆ, ಅಂದೆ. ಮುಂದಿನ ಡಬ್ಬಿಯವರು ನಕ್ಕರು. ಹುಳ ನಿಂತಿತು. ಅಂಕ ನಾಲ್ಕು. ಅದೂ ಬೇಗ ಮುಗಿದದ್ದಕ್ಕೆ. ಐದನೆಯ ಕಾಲಮ್ಮಿನಲ್ಲಿ ‘ಇಲ್ಲ’.

ಎರಡನೆಯದು ಕತ್ತಲ ಸುರಂಗದೊಳಗೆ ಹೋಗುವ ಗಾಡಿ. ಒಳಗೆ ಏನು ಬರುತ್ತದೆ ಕಾಣುವುದಿಲ್ಲ. ಎಡಕ್ಕೆ ಎಳೆಯುತ್ತದೆ, ಬಲಕ್ಕೆ ಒಗೆಯುತ್ತದೆ. ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರು ತಗ್ಗಿನ ರಸ್ತೆಯಲ್ಲಿ ಓಡಿದರೆ ಹಿಂದಿನ ಟ್ರೇಲರಿನ ತುದಿಯ ಕಬ್ಬಿಗೆ ಹೇಗಾಗುತ್ತದೆ ಎಂಬುದು ನನಗೆ ಅಲ್ಲಿ ತಿಳಿಯಿತು. ಟ್ರ್ಯಾಕ್ಟರಿನವರ ಹಾಗೆ ಹಾಡು ಹಾಕಿರಲಿಲ್ಲ, ಅಷ್ಟೇ ವ್ಯತ್ಯಾಸ. ಆ ಕತ್ತಲಲ್ಲಿ ಮಾಮಾನ ದನಿ ಕಿವಿಯ ಹತ್ತಿರವೇ ಬಂತು. ನಿನ್ನ ವಯಸ್ಸಿಗೆ ನನ್ನ ಲಗ್ನ ಆಗಿ ಮೂರ ವರ್ಷ ಆಗಿತ್ತು, ಅಂದ. ಮುಖ ಕಾಣದ ಜಾಗದಲ್ಲಿ ಬ್ಯಾಡ ಅನ್ನುವುದು ಹಗುರ ಎಂದು ನನಗೂ ಹೊಳೆಯಿತು. ಬಾಯಿ ತೆರೆದೆ. ಬಂದದ್ದು ಬನಹಟ್ಟಿ ಸಾವಕಾರರ ದನಿ: ಅದಕ್ಕ ನೋಡ್ರಿ ನಿಮ್ಮ ಕೂದಲ ಉದರಿದ್ದು. ಹಿಂದಿನ ಸೀಟಿನಲ್ಲಿ ಕೂತಿದ್ದ ಖರೆ ಸಾವಕಾರರು, ಯಾವನಲೇ ಅಂವ ನನ್ನ ಬಾಯಾಗ ಮಾತಾಡಂವ, ಎಂದು ಕತ್ತಲಲ್ಲೇ ತಡಕಾಡಿದರು. ಅಂಕ ಆರೂವರೆ. ಕತ್ತಲು ಛಲೋ ಇತ್ತು, ಬಳಸಿಕೊಳ್ಳುವ ಗಂಡು ಬೇಕಿತ್ತು. ಐದನೆಯ ಕಾಲಂ, ‘ಇಲ್ಲ’.

ಮೂರನೆಯದನ್ನು ಕೆಳಗಿಂದ ನೋಡಿದವರೇ ಅರ್ಧ ಮಂದಿ ಸೊಂಟ ನೋವು, ಬಿ.ಪಿ., ಮನೆದೇವರ ವಾರ ಎಂದು ನೆರಳಿಗೆ ಸರಿದರು. ನಾನು ಅವರ ಹಿಂದೆ ಸರಿಯುವಷ್ಟರಲ್ಲಿ ಮಣಿಕಟ್ಟು ಮಾಮಾನ ಕೈಯಲ್ಲಿತ್ತು. ಟಗರಿನ ಕಾಲು ಹಿಡಿದು ಪಳಗಿದ ಕೈ. ನೋಡುವವರಿಗೆ ಜೊತೆಗೆ ಕೈ ಬೀಸಿ ನಡೆದಂತೆ ಕಾಣುತ್ತದೆ, ಬಿಡಿಸಿಕೊಳ್ಳಲು ಬರುವುದಿಲ್ಲ.

ಪಾಳಿ ಕಂಬಿಗಳ ನಡುವೆ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತಿತ್ತು. ನಮ್ಮ ಹಿಂದೆ ಆಗಲೇ ನೂರು ಮಂದಿ. ನಡುವೆ ಒಂದು ಕಡೆ ಹೆದರಿದವರಿಗೆ ಹೊರಗೆ ಹೋಗಲು ಸಣ್ಣ ಗೇಟು ಇತ್ತು. ನಾನು ಅದನ್ನು ನೋಡಿದೆ, ಮಾಮಾ ನಾನು ನೋಡಿದ್ದನ್ನು ನೋಡಿದ. ಗೇಟು ದಾಟಿತು. ತಲೆಯ ಮೇಲೆ ಗಾಡಿ ಹೋದಾಗಲೆಲ್ಲ ಕಂಬಿ ನಡುಗುತ್ತಿತ್ತು, ಚೀರಾಟ ಬಂದು ಹೋಗುತ್ತಿತ್ತು. ಟೋಪಿ ತೆಗೆಯಬೇಕು ಎಂದು ಅಲ್ಲಿಯ ಹುಡುಗಿ ಸನ್ನೆ ಮಾಡಿದಳು. ಊರ ಮಂದಿಯ ಮುಂದೆ ಬರೇ ತಲೆಯಲ್ಲಿ ನಿಲ್ಲದ ಮಾಮಾ, ಬಿಳಿ ಟೋಪಿ ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ, ಎದೆಗೆ ಇಟ್ಟುಕೊಂಡ. ಧೋತರದ ಕಚ್ಚೆ ಬಿಗಿ ಮಾಡಿದ. ಆ ಹೊತ್ತಿಗೆ ಅವನಿಗೂ ಹೆದರಿಕೆ ಇತ್ತು ಎಂಬುದು ನನಗೆ ತಿಳಿಯಬೇಕಿತ್ತು. ನನ್ನ ಹೆದರಿಕೆಯೇ ನನಗೆ ಸಾಕಾಗಿತ್ತು.

ಕೂತೆವು. ಕಬ್ಬಿಣದ ತೋಳೊಂದು ತಲೆಯ ಮೇಲಿಂದ ಇಳಿದು ಎರಡೂ ಹೆಗಲಿಗೆ ಒತ್ತಿ, ಎದೆಯ ಮೇಲೆ ಕೂತಿತು. ಟಕ್ ಅಂತ ಬೀಗ. ನಾನು ಅಲ್ಲಾಡಿಸಿ ನೋಡಿದೆ. ಮಾಮಾನೂ ಅಲ್ಲಾಡಿಸಿ ನೋಡಿದ, ನನ್ನದನ್ನು.

“ಈಗ ಕೇಳಲಿ?” ಅಂದ.

ಗಾಡಿ ಸರಪಳಿಗೆ ಕಚ್ಚಿಕೊಂಡು ಮೇಲೆ ಏರತೊಡಗಿತು. ಖಟಕ್ ಖಟಕ್ ಖಟಕ್. ಬನಹಟ್ಟಿಯ ಓಣಿಯಲ್ಲಿ ಹಗಲೆಲ್ಲ ಕೇಳುವ ಮಗ್ಗದ ಸದ್ದು, ಇಲ್ಲಿ ಆಕಾಶಕ್ಕೆ ಹೋಗುತ್ತಿತ್ತು. ಬೆನ್ನು ಕೆಳಗೆ, ಕಾಲು ಮೇಲೆ. ಕಣ್ಣಿಗೆ ಬರೇ ನೀಲಿ. ಮಾಮಾ ಅವಸರ ಮಾಡದೆ, ಅಂಗಡಿಯಲ್ಲಿ ಕೂತವನಂತೆ ಮಾತು ಶುರು ಮಾಡಿದ. ಅಂಗಡಿ ಮುಂದೆ ಯಾರಿಗೆ ಅಂದ. ತನ್ನ ಮೊಣಕಾಲು ಸೋತಿವೆ ಅಂದ. ನನ್ನನ್ನು ಹೊರಗಿನವನು ಅಂತ ಒಂದು ದಿನವೂ ನೋಡಿಲ್ಲ ಅಂದ, ಅದು ಖರೆ. ಅವಳ ಕೈ ಹಿಡಿದು ಗಲ್ಲಾದ ಮೇಲೆ ಕೂತರೆ ತಾನು ನಿಶ್ಚಿಂತ ಅಂದ. ನಾನು ಕಂಡಕ್ಟರನ ದನಿಯಲ್ಲಿ ಏನೋ ಅಂದೆ. ಸಾವಕಾರರ ದನಿಯಲ್ಲಿ ಏನೋ ಅಂದೆ. ಅತ್ತಿಯದನ್ನೂ ತೆಗೆದೆ. ಪ್ರತಿ ಸಲವೂ ಅವನು ತಲೆ ಅಲ್ಲಾಡಿಸಿದ.

“ಅವರನ್ನ ಕೇಳಿಲ್ಲ. ನಿನ್ನ ಕೇಳಾಕತ್ತೇನಿ.”

ಖಟಕ್ ಖಟಕ್. ನನ್ನ ಚೀಲದಲ್ಲಿದ್ದ ದನಿಗಳೆಲ್ಲ ತೀರಿದ್ದವು. ಮೇಲೆ ಹಳಿಯ ತುದಿ ಕಾಣಿಸಿತು, ಅದರಾಚೆ ಏನೂ ಇರಲಿಲ್ಲ.

“ನಿಂದೂ ಬ್ಯಾಡ,” ಅಂದ ಮಾಮಾ. “ನಿಮ್ಮಪ್ಪ ಇದ್ದಿದ್ರ ಏನ್ ಅಂತಿದ್ದ? ಅದನ್ನರ ಹೇಳು.”

ತುದಿಯಲ್ಲಿ ಸರಪಳಿಯ ಸದ್ದು ನಿಂತಿತು. ಗಾಡಿ ಒಂದು ಗಳಿಗೆ ಹಾಗೇ ನಿಲ್ಲುತ್ತದೆ, ಅದು ಅದರ ಆಟ. ಆ ಒಂದು ಗಳಿಗೆಯಲ್ಲಿ ನನ್ನ ಬಾಯಿಂದ ಅಪ್ಪ ಮಾತಾಡಿದ.

“ಆತು ಬಿಡಪಾ. ನೀ ಅಂದಂಗ ಆಗ್ಲಿ.”

ಹತ್ತು ವರ್ಷ ಮುಟ್ಟದ ದನಿ, ಒಂದು ಎಳೆಯೂ ಸವೆದಿರಲಿಲ್ಲ. ಗಾಡಿ ಬಿತ್ತು.

ಬಿದ್ದ ಮೇಲಿನದ್ದನ್ನು ವಿಮರ್ಶೆ ಮಾಡಲು ನನಗೆ ಬರುವುದಿಲ್ಲ. ಕಣ್ಣು ಮುಚ್ಚಿದ್ದೆ. ಹೊಟ್ಟೆ ಮೇಲೇ ಉಳಿದು ನಾನು ಕೆಳಗೆ ಬಂದೆ. ಒಂದು ಸಲ ತಲೆಕೆಳಗಾದೆವು, ಎರಡು ಸಲವೂ ಇರಬಹುದು. ಇಳಿದ ಮೇಲೆ ಅಲ್ಲೊಂದು ಪರದೆಯ ಮೇಲೆ ಬೀಳುವಾಗಿನ ಫೋಟೋ ತೋರಿಸುತ್ತಾರೆ. ಎಲ್ಲರ ಬಾಯಿ ಗುಹೆಯ ಹಾಗೆ ತೆರೆದಿತ್ತು. ಮಾಮಾ ಒಬ್ಬನೇ ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಆ ಕಬ್ಬಿಣದ ತೋಳಿನ ಸಂದಿಯಲ್ಲಿ ಎರಡೂ ಕೈ ಜೋಡಿಸಿದ್ದ. ಜೀವಭಯಕ್ಕೆ ಮುಗಿದದ್ದು ಎಂದು ಸಾವಕಾರರು ನಕ್ಕರು. ನನಗೆ ಗೊತ್ತಿತ್ತು, ಅದು ಅಪ್ಪನಿಗೆ ಮುಗಿದದ್ದು.

ಮಾಮಾ ನನ್ನ ಕಡೆ ನೋಡದೆ, ಕಾಲು ಎಳೆಯುತ್ತ ಎದುರಿನ ಕಾಫಿ ಅಂಗಡಿಗೆ ಹೋದ. ಕಾಫಿ ಕೊಳ್ಳಲಿಲ್ಲ. ಕಟ್ಟೆಯ ಮೇಲೆ ಇಟ್ಟಿದ್ದ ಸಕ್ಕರೆ ಪೊಟ್ಟಣಗಳನ್ನು ಎರಡೂ ಮುಷ್ಟಿ ತುಂಬ ಎತ್ತಿಕೊಂಡು ಬಂದ. ಆಗ ನನಗೆ ಅರ್ಥವಾಯಿತು.

ನಮ್ಮಲ್ಲಿ ಲಗ್ನದ ಮಾತು ಕೂಡಿದರೆ ಸಕ್ಕರೆ ಬಾಯಿಗೆ ಹಾಕುತ್ತಾರೆ. ಮಂತ್ರ ಆಮೇಲೆ, ಪತ್ರಿಕೆ ಆಮೇಲೆ. ಹಿರಿಯರ ಎದುರು ಸಕ್ಕರೆ ಬಾಯಿಗೆ ಬಿತ್ತೋ, ಮಾತು ಬಿತ್ತು. ಹಿಂದೆ ತೆಗೆಯುವ ಹಾದಿ ಇಲ್ಲ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ನಾಲ್ಕೂ ಕಡೆಯ ಹಿರಿಯರು ಅಲ್ಲಿ ನೆರಳಿನಲ್ಲಿ ಕೂತಿದ್ದರು. ಇಷ್ಟು ತುಂಬಿದ ಪಂಚರನ್ನು ಲೋಕಾಪುರದಲ್ಲಿ ಕರೆದರೂ ಕೂಡಿಸಲು ಆಗುತ್ತಿರಲಿಲ್ಲ.

ಮಾಮಾ ಅಂಗಿಯೊಳಗಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡ. ಒಂದೊಂದೇ ಪೊಟ್ಟಣ ಹರಿದು ಒಬ್ಬೊಬ್ಬರ ಬಾಯಿಗೂ ಸುರಿಯುತ್ತ ಬಂದ. ನಮ್ಮ ಮಾವಯ್ಯ, ಇವನ ಅಪ್ಪನ ದನೀಲೆ ಮಾತ ಬಂತ್ರೀ, ಸ್ವಂತ ಕಿವಿಲೆ ಕೇಳೀನಿ, ಎನ್ನುತ್ತಿದ್ದ. ಅವನ ಕಣ್ಣು ಒದ್ದೆಯಾಗಿದ್ದವು. ಸಾವಕಾರರು ಸಕ್ಕರೆ ಚಪ್ಪರಿಸಿ, ಕಾಳ ಸಣ್ಣದ ಐತಿ, ನಮ್ಮ ಫ್ಯಾಕ್ಟರಿ ಸಕ್ಕರಿ ಮುಂದ ಇದು ರವಾ, ಅಂದರು. ಆದರೂ ಇನ್ನೊಂದು ಪೊಟ್ಟಣಕ್ಕೆ ಬಾಯಿ ತೆರೆದರು. ವೈನಿ ಹೋಗಿ ಅಳಿಯ ಆತು ಎಂದು ಬೆನ್ನ ಮೇಲೆ ಗುದ್ದಿದರು. ಮುಧೋಳದವರೊಬ್ಬರು ಅಷ್ಟರಲ್ಲೇ ಫೋನು ತೆಗೆದು ಊರಿಗೆ ಹಚ್ಚಲು ನೋಡುತ್ತಿದ್ದರು, ರೇಂಜ್ ಸಿಗುತ್ತಿರಲಿಲ್ಲ. ಆ ದೇಶದ ಮಕ್ಕಳು ಐಸ್‌ಕ್ರೀಮ್ ಹಿಡಿದುಕೊಂಡು, ಧೋತರದ ಮನುಷ್ಯನೊಬ್ಬ ದೊಡ್ಡ ಗಂಡಸರ ಬಾಯಿಗೆ ಸಕ್ಕರೆ ಹಾಕುವುದನ್ನು ನಿಂತು ನೋಡಿದರು.

ಕೊನೆಗೆ ನನ್ನ ಪಾಳಿ. ಹಿಂದೆ ಸಾವಕಾರರ ಹೊಟ್ಟೆ, ಎಡಕ್ಕೆ ಕಂಬಿ, ಮುಂದೆ ಮಾಮಾ.

“ಬಾಯಿ ತಗಿ,” ಅಂದ.

ಹುಟ್ಟಿದಾಗಿನಿಂದ ಮುಚ್ಚು ಅಂತ ಎಲ್ಲರೂ ಹೇಳಿದ ಬಾಯಿ ಅದು. ಮೊದಲ ಸಲ ಮುಚ್ಚಿಕೊಂಡಿತ್ತು. ಅಂಗಿಯ ಜೇಬಿನಲ್ಲಿ ಡೈರಿ, ಡೈರಿಯಲ್ಲಿ ಭಂಡಾರದ ಚೀಟಿ. ಬೆವರಿಗೆ ಅದು ಒದ್ದೆಯಾಗಿ ಜೇಬಿನ ಮೇಲೆ ಹಳದಿ ಕಲೆ ಎದ್ದಿತ್ತು. ಮಾಮಾ ಅದನ್ನು ನೋಡಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಸಕ್ಕರೆ ಹಿಡಿದು ತುಟಿಯ ಹತ್ತಿರ ತಂದಿದ್ದ. ಒಂದೆರಡು ಕಾಳು ತುಟಿಗೆ ಅಂಟಿದವು. ಸಿಹಿ ಅನ್ನಿಸಿತು. ನಾಲಿಗೆ ಚಾಚಲಿಲ್ಲ.

“ಬ್ಯಾಡ ಮಾಮಾ.”

ಮಾಮಾನ ಕೈ ನಿಂತಿತು. ಅವನು ನನ್ನ ಮುಖ ನೋಡಿದ. ನಿಧಾನಕ್ಕೆ ನಗು ಬಂತು.

“ಇದು ಯಾರ ದನಿಲೇ?”

ಸುತ್ತಲಿನವರೂ ನಕ್ಕರು. ಮತ್ತೆ ಶುರುವಾತು ನೋಡ್ರಿ ಅಂದರು. ಒಬ್ಬರು, ಅದೇ ನಿಮ್ಮ ಲೋಕಾಪುರದ ಕಂಪೌಂಡರ್ ಇರಬೇಕು, ಅಂದರು. ಇನ್ನೊಬ್ಬರು, ಅಲ್ಲ, ತೊದಲತಾನಲ್ಲ, ಟಪಾಲಿನವನು, ಅಂದರು. ಸಾವಕಾರರು ಕಿವಿಗೆ ಕೈ ಇಟ್ಟು ಇನ್ನೊಮ್ಮೆ ಅನ್ನು ಅಂದರು. ನಾನು ಇನ್ನೊಮ್ಮೆ ಅಂದೆ. ಮತ್ತೆ ಅಂದೆ. ಅಂದಷ್ಟೂ ಅವರು ಹೆಸರು ಹುಡುಕಿದರು. ಮೇಲೆ ಆ ಕಬ್ಬಿಣದ ತೋಳಿನೊಳಗೆ ನಾನು ಇಷ್ಟು ಬಿಗಿಯಾಗಿ ಸಿಕ್ಕಿರಲಿಲ್ಲ. ಇಪ್ಪತ್ತಮೂರು ವರ್ಷ ನಾನೇ ಕೂತು ಮಾಡಿದ ಬೀಗ. ಕೀಲಿ ಇದ್ದಿದ್ದರೆ ಅದು ಯಾರ ದನಿಯಲ್ಲಿತ್ತೋ.

“ನಂದು ಮಾಮಾ,” ಅಂದೆ. “ಇದು ನಂದ.”

ನನಗೇ ಅದು ಪರಿಚಯವಿರಲಿಲ್ಲ. ಸಣ್ಣದಾಗಿತ್ತು, ನಡುವೆ ಒಡೆಯುತ್ತಿತ್ತು. ನಗು ಒಬ್ಬೊಬ್ಬರಲ್ಲೇ ಆರಿತು.

“ಮ್ಯಾಲೆ ಅಂದದ್ದು ಅಪ್ಪ ಅಲ್ಲ. ನಾ ಹೆದರಿ ಅವನ ದನಿ ತಗದೆ. ಅಪ್ಪ ಎಲ್ಲಾರಿಗೂ ಹಂಗ ಅಂತಿದ್ದ ಮಾಮಾ, ಕುರಿ ಕೊಳ್ಳಾಕ ಬಂದಂವಗೂ, ಊರ ಬಿಡ್ರಿ ಅಂತ ಬಂದಂವಗೂ. ನಾ ಆಕೀನ ಲಗ್ನ ಆಗಂಗಿಲ್ಲ. ಭಂಡಾರ ಮುಟ್ಟಿ ಬಂದೇನಿ. ಅಂಗಡಿ ನಡಸಾಕ ನಾ ಬೇಕಾಗಿಲ್ಲ. ಆಕಿ ಈಗ ನಡಸಾಕತ್ತಾಳ.”

ತಲೆಯ ಮೇಲೆ ಗಾಡಿಯೊಂದು ಚೀರುತ್ತ ಹೋಯಿತು. ಸಾವಕಾರರು ಮೆಲ್ಲಗೆ, ನಾವು ಸಕ್ಕರಿ ತಿಂದೇವಲ್ಲೋ, ಈಗೇನ್ ಉಗಳೂಣೇನು, ಅಂದರು. ಅದು ನಗಿಸಲು ಅಂದದ್ದಲ್ಲ. ಅವರಿಗೆ ಖರೆನೇ ದಿಕ್ಕು ತೋಚಿರಲಿಲ್ಲ.

ಮಾಮಾ ಬೆರಳಿನ ಸಕ್ಕರೆಯನ್ನು ಮತ್ತೆ ಪೊಟ್ಟಣಕ್ಕೆ ಹಾಕಲು ನೋಡಿದ. ಹರಿದ ಪೊಟ್ಟಣ, ಕಾಳು ನೆಲಕ್ಕೆ ಉದುರಿದವು. ಕೈ ಧೋತರಕ್ಕೆ ಒರೆಸಿಕೊಂಡ.

“ಬ್ಯಾಡ ಅಂದಿ, ಅನ್ನು. ಅದು ನಿನ್ನ ಬಾಯಿ,” ಅಂದ. “ಅವನ ದನಿ ತಗೀಬಾರದಿತ್ತು. ನಾ ಹನ್ನೊಂದ ವರ್ಷ ಆದ ಮ್ಯಾಲೆ ಕೇಳಿದ್ದೆ.”

ಅಷ್ಟೇ. ಮುಧೋಳದವರು ಫೋನು ಜೇಬಿಗೆ ಇಟ್ಟುಕೊಂಡರು.

ವಾಪಸು ಹೋಗುವಾಗ ಬಸ್ಸಿನಲ್ಲಿ ಮಾಮಾ ಸಾವಕಾರರ ಪಕ್ಕ ಕೂತ. ನನ್ನ ಪಕ್ಕದ ಸೀಟು ಖಾಲಿ. ಏಳಲು ಯಾರ ಮೊಣಕಾಲೂ ಅಡ್ಡವಿರಲಿಲ್ಲ, ಏಳಲು ಮನಸ್ಸೂ ಇರಲಿಲ್ಲ. ಬಸ್ಸಿನ ಹಾಡು-ಹರಟೆಯ ಮೈಕು ಒಂದು ಸುತ್ತು ಬಂತು, ನನ್ನ ಹತ್ತಿರ ಬಂದು ಹಾಗೇ ಮುಂದೆ ಹೋಯಿತು. ವೈನಿ ಅಂತಲೂ ಯಾರೂ ಕರೆಯಲಿಲ್ಲ.

ಆದರೆ ವಿಮಾನದ ಸೀಟು ನಂಬರಿನ ಪ್ರಕಾರ. ಶ್ರೀಮತಿಯ ಸೀಟು ಯಜಮಾನರ ಪಕ್ಕ. ನಾಲ್ಕು ತಾಸು ಮಾಮಾನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು, ಇಬ್ಬರೂ ಮುಂದಿನ ಸೀಟಿನ ಬೆನ್ನು ನೋಡುತ್ತ ಕೂತೆವು. ನಾನು ಉಂಡ ರೊಟ್ಟಿಯೆಲ್ಲ ಆ ಕೈಯದೇ. ಏನಾದರೂ ಅನ್ನೋಣವೆಂದರೆ ಬಾಯಿಗೆ ಕಂಡಕ್ಟರ್ ಬರುತ್ತಿದ್ದ, ಹೆಡ್‌ಮಾಸ್ತರ್ ಬರುತ್ತಿದ್ದರು. ಅವರನ್ನು ಒಳಗೇ ನುಂಗಿದೆ. ಚಹಾ ಬಂತು. ಎರಡು ತಟ್ಟೆ, ಎರಡು ಸಕ್ಕರೆ ಪೊಟ್ಟಣ. ಮಾಮಾ ತನ್ನದನ್ನು ಹರಿದು ಸುರಿದುಕೊಂಡ. ಚಮಚ ಆಡಿಸಿದ. ಒಂದು ಗುಟುಕು ಕುಡಿದು ಬಟ್ಟಲು ಇಟ್ಟ. ನನ್ನ ತಟ್ಟೆಯ ಕಡೆ ಕೈ ಬರಲಿಲ್ಲ.

ಬಹಳ ಹೊತ್ತಿನ ಮೇಲೆ, ಮುಂದೆಯೇ ನೋಡುತ್ತ ಕೇಳಿದ: “ಆಕಿ ಹೇಳಿ ಕಳಿಸಿದ್ಲೇನು?”

“ಹೂಂ.”

“ನನಗ ಯಾಕ ಹೇಳಲಿಲ್ಲ?”

“ನೀ ನಾಚಿಕಿ ಅಂತಿದ್ದಿ.”

ಮಾಮಾ ಬಟ್ಟಲನ್ನು ತಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದ. ಆಮೇಲೆ ಕೈ ಚಾಚಿ ನನ್ನ ಪೊಟ್ಟಣ ತೆಗೆದುಕೊಂಡ. ಚಹಾ ಆಗಲೇ ಆರಿತ್ತು. ಆದರೂ ಸುರಿದು ಕುಡಿದ.

ಲೋಕಾಪುರದಲ್ಲಿ ಅವಳು ಅಂಗಡಿಯ ಬಾಗಿಲಲ್ಲೇ ಡೈರಿ ಕಸಿದುಕೊಂಡಳು. ಮಾಮಾ ಅವಳ ಮುಖ ನೋಡಿದ, ಒಳಗೆ ಹೋಗಿ ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತ. ಗಲ್ಲಾದ ಮೇಲೆ ಅಲ್ಲ. ಅವಳು ಬೆರಳಿಟ್ಟು ಸಾಲು ಸಾಲು ಓದಿದಳು. ಮೂರನೆಯ ಸಾಲಿಗೆ ಬಂದಳು. ಐದನೆಯ ಕಾಲಮ್ಮಿನಲ್ಲಿ ನಾನು ಬರೆದಿದ್ದೆ: ‘ಹೂಂ. ಇಳದ ಮ್ಯಾಲೆ.’

“ಅಂಕ ಯಾಕ ಕೊಟ್ಟಿಲ್ಲ?” ಎಂದು ಕೇಳಿದಳು.

“ಕಣ್ಣ ಮುಚ್ಚಿದ್ದೆ.”

ಅಷ್ಟು ದೂರ ಹೋಗಿ ಕಣ್ಣು ಮುಚ್ಚಿದೆಯಾ ಎಂದು ಅವಳು ಆ ದಿನವೆಲ್ಲ ಬಯ್ದಳು. ಆ ವರ್ಷವೇ ಧಾರವಾಡಕ್ಕೆ ಹೋದಳು. ಬಂದು ಗಲ್ಲಾದ ಮೇಲೆ ಕೂತಳು. ಆ ಅಂಕದ ಜಾಗವನ್ನು ತಾನೇ ಹೋಗಿ ತುಂಬುತ್ತೇನೆ, ಅಲ್ಲೀತನಕ ಖಾಲಿ ಇರಲಿ ಎಂದು ಡೈರಿಯನ್ನು ನನಗೇ ವಾಪಸು ಕೊಟ್ಟಿದ್ದಾಳೆ. ಇನ್ನೂ ಹೋಗಿಲ್ಲ. ಹಂಗಾಮಿನಲ್ಲಿ ಅಂಗಡಿ ಬಿಟ್ಟು ಹೋಗಲು ಆಗುವುದಿಲ್ಲ ಎನ್ನುತ್ತಾಳೆ. ಹಂಗಾಮಿಲ್ಲದಾಗ ಬೇರೆ ಏನೋ ಇರುತ್ತದೆ.

ಗ್ಯಾದರಿಂಗಿನಲ್ಲಿ ಈಗಲೂ ನಾನು ರೋಲರ್ ಕೋಸ್ಟರ್ ಐಟಂ ಮಾಡುತ್ತೇನೆ, ಸರಪಳಿಯ ಖಟಕ್ ಖಟಕ್‌ನಿಂದ ಹಿಡಿದು ಸಾವಕಾರರ ಚೀರಾಟದ ತನಕ. ತುದಿಯಲ್ಲಿ ಗಾಡಿ ನಿಲ್ಲುವ ಆ ಗಳಿಗೆಯನ್ನು ಮಾತ್ರ ಹಾರಿಸಿ ನೇರ ಬೀಳುವುದಕ್ಕೆ ಹೋಗುತ್ತೇನೆ. ಮಂದಿಗೆ ಗೊತ್ತಾಗುವುದಿಲ್ಲ. ಮಾಮಾನ ಮನೆಯಲ್ಲಿ ಐಟಂ ಮಾಡು ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ನನಗೆ ಇರುವುದು ಆ ಒಂದೇ ದನಿ, ಅದಕ್ಕೆ ಇನ್ನೂ ಮಾತು ಹೆಚ್ಚು ಬರುವುದಿಲ್ಲ. ರೊಟ್ಟಿ ಹಾಕು ಅತ್ತಿ ಅಂತ ಕೂಗಿದರೂ ಮಾಮಾ ತುತ್ತು ಕೈಯಲ್ಲೇ ಹಿಡಿದು, ತಲೆ ಎತ್ತಿ, ಅದು ನಾನೇ ಹೌದೋ ಅಲ್ಲವೋ ಎಂದು ಒಮ್ಮೆ ಕೇಳಿಸಿಕೊಳ್ಳುತ್ತಾನೆ. ಆಮೇಲೆ ಉಣ್ಣುತ್ತಾನೆ.